ಹಡಗಿನಲ್ಲಿ ಹೇಳಿಕೆಗೆ ಹೊರಟದ್ದು

ಹಡಗಿನ ಐದನೇ ಅಂತಸ್ತಿನಲ್ಲಿ, ಐಸ್‌ಕ್ರೀಮ್ ಕೊಡುವ ಜಾಗಕ್ಕೂ ವಾಚು ಮಾರುವ ಅಂಗಡಿಗೂ ನಡುವೆ, ಒಂದು ಮೇಜು ಇತ್ತು. ಈಗಿನ ಪ್ರಯಾಣದಲ್ಲಿ ಇನ್ನೂ ತೇಲುತ್ತಿರುವವನಿಗೆ ಮುಂದಿನ ಪ್ರಯಾಣವನ್ನು ಮಾರುವುದು ಆ ಮೇಜಿನ ಕೆಲಸ. ಪಂಕ್ತಿಯಲ್ಲಿ ಕೂತವನಿಗೆ ಪಾಯಸ ಬಡಿಸುತ್ತಲೇ ಮುಂದಿನ ವರ್ಷದ ಊಟಕ್ಕೂ ಕರೆದ ಹಾಗೆ. ಮೊದಲು ನೋಡಿದಾಗ ನನಗೆ ಇದು ಶುದ್ಧ ಅವಸರ ಅನ್ನಿಸಿತು. ಯೋಚಿಸಿದ ಮೇಲೆ ಗೌರವ ಹುಟ್ಟಿತು. ಮನುಷ್ಯನ ಬಾಯಿಂದ ಹೌದು ಅನ್ನಿಸಬೇಕಾದರೆ ಹೊಟ್ಟೆ ತುಂಬಿ ಮನಸ್ಸು ಮೆತ್ತಗಿರುವಾಗಲೇ ಅನ್ನಿಸಬೇಕು. ಮನೆ ಮುಟ್ಟಿ, ಬಟ್ಟೆ ಒಗೆಯಲು ಹಾಕಿದ ಮೇಲೆ ಯಾರೂ ಹೌದು ಅನ್ನುವುದಿಲ್ಲ.

ಕೊಪ್ಪದಲ್ಲಿ ನನ್ನದೊಂದು ಟೂರ್ ಆಫೀಸು. ಬಸ್ಸಿನಲ್ಲಿ ಜನರನ್ನು ಕಾಶಿ, ರಾಮೇಶ್ವರ ಎಂದು ಸುತ್ತಿಸುತ್ತಿದ್ದವನು ಆ ಸಲ ಮೊದಲ ಬಾರಿಗೆ ಹಡಗು ಹತ್ತಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲೂಕಿನಿಂದ ಒಂಬತ್ತು ದಂಪತಿಗಳು, ಎನ್.ಆರ್. ಪುರದ ಒಬ್ಬರು ನಿವೃತ್ತ ಟೀಚರಮ್ಮ ಮತ್ತು ಅವರ ಅಕ್ಕ. ನಾನು ಮತ್ತು ನಮ್ಮ ಅಡುಗೆ ಭಟ್ಟರು. ಮುಂಬಯಿಯಲ್ಲಿ ಹತ್ತಿ, ಕೊಚ್ಚಿ ಮತ್ತು ಲಕ್ಷದ್ವೀಪ ನೋಡಿ, ಮತ್ತೆ ಮುಂಬಯಿಯಲ್ಲೇ ಇಳಿಯುವುದು. ಸಮುದ್ರಯಾನಕ್ಕೆ ಹಿಂದಿನವರು ದೋಷ ಹೇಳಿದ್ದಾರಲ್ಲ ಎಂದು ಹೊರಡುವ ಮುಂಚೆ ಒಬ್ಬರು ಸಂಶಯ ಎತ್ತಿದ್ದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯರಾದ ಮೆಣಸೆಯ ರಾಯರು ಅದನ್ನು ಅಲ್ಲೇ ಪರಿಹರಿಸಿದರು. "ದಾಟಿದ್ರೆ ದೋಷ ಮಾರಾಯ. ನಾವು ಹತ್ತಿದಲ್ಲೇ ಇಳೀತೇವೆ. ಇದು ದಾಟಿದ್ದಲ್ಲ, ಪ್ರದಕ್ಷಿಣೆ."

ಭಟ್ಟರ ವಿಚಾರ ಒಂದು ಮಾತು ಹೇಳಬೇಕು. ಬಸ್ ಟೂರಿನಲ್ಲಿ ಅವರು ಸಾರ್ವಭೌಮರು. ಹಡಗಿನಲ್ಲಿ ಹೊರಗಿನ ಅಡುಗೆಯವರನ್ನು ಒಲೆಯ ಹತ್ತಿರ ಬಿಡುವುದಿಲ್ಲ ಎಂದು ತಿಳಿಸಿದ್ದರೂ, "ನಾನಿಲ್ಲದೆ ಇವರು ಎಂತ ತಿಂತಾರೆ" ಎಂದು ಚೀಲದ ತುಂಬ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ಹೊರಟೇಬಿಟ್ಟರು. ಹಡಗಿನಲ್ಲಿ ಅವರ ಅಧಿಕಾರ ಮೇಜಿಂದ ಮೇಜಿಗೆ ಹೋಗಿ ಉಪ್ಪಿನಕಾಯಿ ಬಡಿಸುವುದಕ್ಕೆ ಇಳಿದಿತ್ತು. ರಾತ್ರಿ ನಾನು ಮತ್ತು ಅವರು ಕೆಳಗಿನ ಡೆಕ್ಕಿನ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಮಲಗುತ್ತಿದ್ದೆವು. ಅವರ ಗೊರಕೆಗೂ ಇಂಜಿನ್ನಿನ ಶಬ್ದಕ್ಕೂ ಶ್ರುತಿ ಚೆನ್ನಾಗಿ ಕೂಡುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ನಾನು ಆ ಮೇಜಿನ ಮುಂದೆ ಕೂತೆ. ಅಲ್ಲಿದ್ದವಳು ಕಾರವಾರದ ಕಡೆಯ ಹುಡುಗಿ, ಕನ್ನಡ ಬರುತ್ತಿತ್ತು. ನಿಯಮ ಬಿಡಿಸಿ ಹೇಳಿದಳು. ಹಡಗಿನಲ್ಲಿ ಇರುವಾಗಲೇ ಮುಂದಿನ ವರ್ಷದ ಕ್ಯಾಬಿನ್ ಕಾದಿರಿಸಿದರೆ ಮುಂಗಡ ಕಡಿಮೆ, ಆಯ್ಕೆ ಜಾಸ್ತಿ. ದಿನಾಂಕವನ್ನು ಆಮೇಲೆ ಒಂದು ಸಲ ಬದಲಿಸಬಹುದು, ಆದರೆ ಇಡೀ ತಂಡ ಒಟ್ಟಿಗೆ ಬದಲಿಸಬೇಕು. ಮುಂಗಡವನ್ನು ಕ್ಯಾಬಿನ್ನಿನ ಬಾಗಿಲು ತೆರೆಯುವ ಕಾರ್ಡಿನಿಂದಲೇ ಕಟ್ಟಬಹುದು.

"ತಂಡಕ್ಕೆ ಬೇರೆ ಎಂತಾದ್ರೂ ಉಂಟಾ?" ಎಂದೆ.

"ಹತ್ತು ಕ್ಯಾಬಿನ್ ಆದ್ರೆ ಹನ್ನೊಂದನೇದು ಟೂರ್ ಮ್ಯಾನೇಜರಿಗೆ ಫ್ರೀ ಸರ್. ಇಬ್ಬರು ಇರಬಹುದು. ಆದರೆ ಕೊನೇ ಸಂಜೆ ಏಳು ಗಂಟೆಗೆ ಮೇಜು ಮುಚ್ತೇವೆ. ಆಮೇಲೆ ಬಂದ್ರೆ ಎಲ್ಲರ ಹಾಗೆ."

ಇಬ್ಬರು ಇರಬಹುದು ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಇಷ್ಟು ವರ್ಷ ಟೂರ್ ನಡೆಸಿದರೂ ನನ್ನ ಹೆಂಡತಿ ಒಂದೇ ಒಂದು ಟೂರಿಗೂ ಬಂದವಳಲ್ಲ. ಬಸ್ಸಿನಲ್ಲಿ ಮ್ಯಾನೇಜರಿಗೆ ಡ್ರೈವರ್ ಪಕ್ಕ ಇರುವುದು ಒಂದೇ ಸೀಟು. ಅಲ್ಲದೆ ನಾನು ಹೊರಟ ಮೇಲೆ ಆಫೀಸಿನಲ್ಲಿ ಕೂತು "ಅಮ್ಮ ಫೋನ್ ಎತ್ತುತ್ತಿಲ್ಲ, ಅಪ್ಪ ಮಾತ್ರೆ ತಗೊಂಡ್ರಾ ಕೇಳಿ" ಎನ್ನುವ ಪ್ರಯಾಣಿಕರ ಮಕ್ಕಳಿಗೆಲ್ಲ ಸಮಾಧಾನ ಹೇಳುವವಳು ಅವಳೇ. ಈ ಸಲ ಹೊರಡುವಾಗ ನನ್ನ ಪೆಟ್ಟಿಗೆಯ ಜಿಪ್ ಎಳೆಯುತ್ತ, ಯಾರ ಮೇಲೂ ದೂರು ಇಲ್ಲದ ಧ್ವನಿಯಲ್ಲಿ ಹೇಳಿದ್ದಳು: "ಕೊಪ್ಪ ಬಸ್‌ಸ್ಟ್ಯಾಂಡ್ ದಾಟದೇ ಎಷ್ಟು ಜನರನ್ನ ಕಾಶಿಗೆ ಕಳಿಸಿದೆ ನಾನು."

ಹತ್ತು ಕ್ಯಾಬಿನ್ ತುಂಬಿಸಬೇಕು, ಹನ್ನೊಂದನೆಯದರಲ್ಲಿ ಇವಳನ್ನು ಕೂರಿಸಿ ಸಮುದ್ರ ತೋರಿಸಬೇಕು. ಅಲ್ಲೇ ಕೂತು ತೀರ್ಮಾನ ಮಾಡಿದೆ. ಲೆಕ್ಕ ಸರಳವಾಗಿತ್ತು: ದಂಪತಿಗಳದ್ದು ಒಂಬತ್ತು, ಟೀಚರದ್ದು ಒಂದು. ಒಬ್ಬರೂ ತಪ್ಪುವಂತಿಲ್ಲ.

ಮರುದಿನ ಬೆಳಗಿನ ತಿಂಡಿಗೆ ಎಲ್ಲರೂ ಸೇರಿದಾಗ ಎದ್ದು ನಿಂತು ಘೋಷಿಸಿದೆ. ನಿಯಮ ಓದಿದೆ, ಲಾಭ ವಿವರಿಸಿದೆ. ಕೇಳದವರಿಗೆ ಇರಲಿ ಎಂದು ವಾಟ್ಸಾಪ್ ಗುಂಪಿಗೂ ಹಾಕಿದೆ. ಜನ ತಲೆಯಾಡಿಸಿದರು. ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಯಜಮಾನರು "ಒಳ್ಳೇದು ಒಳ್ಳೇದು" ಎಂದು ಇಡ್ಲಿಗೆ ಕೈ ಹಾಕಿದರು. ಅಡ್ಡಗದ್ದೆಯವರು "ಕೊಯ್ಲು ನೋಡ್ಕೊಂಡು ಹೇಳದು" ಎಂದರು. ದಿನಾಂಕ ಬದಲಿಸಬಹುದು ಎಂದೆ. "ಹಾಗಾದ್ರೆ ಬದಲಿಸಿದ ಮೇಲೆ ಹೇಳ್ತೇವೆ" ಎಂದರು. ವಾಟ್ಸಾಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಸಂಜೆಯ ಹೊತ್ತಿಗೆ ಮೇಜಿನ ಹತ್ತಿರ ಹೋದವರು ಒಬ್ಬರೂ ಇಲ್ಲ.

ವಿಷಯದ ಗಾಂಭೀರ್ಯ ಜನಕ್ಕೆ ತಲುಪಿಲ್ಲ ಎಂದು ಬಗೆದು, ಕಾರವಾರದ ಹುಡುಗಿಯನ್ನೇ ಕರೆಸಿದೆ. ಆರನೇ ಅಂತಸ್ತಿನ ಒಂದು ಕೋಣೆಯಲ್ಲಿ ಅವಳು ಪರದೆಯ ಮೇಲೆ ಚಿತ್ರ ಬಿಟ್ಟು, ಹಡಗಿನ ನಡುಭಾಗದ ಕ್ಯಾಬಿನ್ ಕಡಿಮೆ ಅಲುಗಾಡುತ್ತದೆ, ಮುಂದಿನದು ಜಾಸ್ತಿ, ಬಾಲ್ಕನಿ ಇದ್ದರೆ ಗಾಳಿ ಬರುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದಳು. ನಮ್ಮವರು ಪೂರ್ತಿ ಕೇಳಿದರು. ಕೊಟ್ಟ ಬಿಸ್ಕತ್ತು ತಿಂದರು. ಹೊರಗೆ ಬರುತ್ತ "ಹುಡುಗಿ ಚೆನ್ನಾಗಿ ಮಾತಾಡ್ತಾಳೆ, ಮದುವೆ ಆಗಿದ್ಯಾ?" ಎಂದು ನನ್ನನ್ನು ವಿಚಾರಿಸಿದರು. ಬುಕಿಂಗ್ ಸೊನ್ನೆ.

ಇವರಿಗೆ ಹಡಗು ಹಿಡಿಸಿಲ್ಲವೋ ಎಂದರೆ ಹಾಗೂ ಇಲ್ಲ. ಡೆಕ್ಕಿನ ಕುರ್ಚಿಗಳಿಂದ ಎಬ್ಬಿಸುವುದೇ ಕಷ್ಟ. ನಾರ್ವೆಯ ಅಮ್ಮ ನಾಲ್ಕು ಹೊತ್ತೂ ಬೇರೆಯವರು ಮಾಡಿದ್ದನ್ನು ಕೂತು ತಿನ್ನುವ ಸುಖದ ಬಗ್ಗೆ ತಂಗಿಗೆ ಫೋನಿನಲ್ಲಿ ವರ್ಣಿಸುತ್ತಿದ್ದದ್ದನ್ನು ನಾನೇ ಕೇಳಿದ್ದೆ.

ಕೊನೆಯ ದಿನ ಹಡಗು ಎಲ್ಲೂ ನಿಲ್ಲದೆ ಮುಂಬಯಿಯ ಕಡೆ ನಡೆಯುತ್ತಿತ್ತು. ಮಧ್ಯಾಹ್ನ ಊಟದ ಮೇಲೆ ಮೆಣಸೆಯ ರಾಯರ ಪತ್ನಿ ಮೆಟ್ಟಿಲ ಹತ್ತಿರ ಸಿಕ್ಕರು. ಸುಮ್ಮನೆ ಕೇಳಿದೆ: "ಅಮ್ಮ, ಬರುವ ವರ್ಷಕ್ಕೆ ನೀವು ಎಂತ ಯೋಚನೆ ಮಾಡಿದ್ರಿ?"

ಅವರು ನಿಂತರು. "ಎಂತಕ್ಕೆ?"

"ಹಡಗಿಗೆ. ಮೊನ್ನೆ ಹೇಳಿದ್ನಲ್ಲ."

"ಹೇಳಿದ್ರಿ. ಎಲ್ಲರಿಗೂ ಹೇಳಿದ್ರಿ. ಜಾತ್ರೆ ಮೈಕಲ್ಲಿ ಕಾರು ಅಡ್ಡ ನಿಲ್ಲಿಸಿದವರು ತೆಗೀರಿ ಅಂತ ಹೇಳ್ತಾರಲ್ಲ, ಹಾಗೆ. ನಮ್ಮನ್ನ ಕರೀಲಿಲ್ಲ." ಸಿಟ್ಟಿಲ್ಲ, ಮುಖದಲ್ಲಿ ನಗುವೇ ಇತ್ತು. "ಕರೀದೆ ನಾವಾಗಿ ಬರ್ತೇವೆ ಅಂತ ಹೋಗಿ ಆ ಮೇಜಿನ ಮುಂದೆ ನಿಲ್ಲಕ್ಕಾಗ್ತದಾ? ಇವರು ಹಿರಿಯರು. ಇವರನ್ನ ಬಿಟ್ಟು ಉಳಿದವರು ತಾನೇ ಹೇಗೆ ಹೋಗ್ತಾರೆ?"

ತಪ್ಪಿದ್ದು ಎಲ್ಲಿ ಎಂದು ಆಗ ಹೊಳೆಯಿತು. ನಮ್ಮ ಕಡೆ ಶುಭಕಾರ್ಯಕ್ಕೆ ಜನರನ್ನು ಸೇರಿಸುವ ಕ್ರಮಕ್ಕೆ ಹೇಳಿಕೆ ಎನ್ನುತ್ತಾರೆ. ಮನೆ ಬಾಗಿಲಿಗೆ ಹೋಗಬೇಕು. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಬರಮಾಡಬೇಕು. ಅಕ್ಷತೆ ಕೊಟ್ಟು, "ಎರಡು ದಿನ ಮುಂಚೆಯೇ ಬಂದು ನಡೆಸಿಕೊಡಬೇಕು" ಎನ್ನಬೇಕು. ಅಂಚೆಯಲ್ಲಿ ಕಾರ್ಡು ಬಂದರೆ ಅದು ಸುದ್ದಿ. ಬಾಗಿಲಿಗೆ ಬಂದರೆ ಮಾತ್ರ ಕರೆ. ಬಸ್ ಟೂರಿಗೆ ನಾನು ಇದನ್ನು ಯೋಚಿಸದೇ ಮಾಡುತ್ತಿದ್ದೆ: ಒಬ್ಬೊಬ್ಬರ ಮನೆಗೂ ಹೋಗಿ, ಕಾಫಿ ಕುಡಿದು, ಕರೆದು ಬರುತ್ತಿದ್ದೆ. ಈ ಹಡಗಿಗೂ ಹಾಗೇ ಕರೆತಂದದ್ದು. ನೀರಿನ ಮೇಲೆ ಬಂದ ಕೂಡಲೇ ಮಾತ್ರ ಆ ಬುದ್ಧಿ ದಡದಲ್ಲೇ ಉಳಿದಿತ್ತು.

ಏಳು ಗಂಟೆಗೆ ಇನ್ನೂ ಹೊತ್ತಿತ್ತು. ಹೇಳಿಕೆಗೆ ಹೊರಡುವುದೆಂದು ನಿಶ್ಚಯಿಸಿದೆ.

ಮೊದಲ ತೊಡಕು ಅಕ್ಕಿ. ಊಟದ ಕೋಣೆಯ ಮೇಲ್ವಿಚಾರಕನ ಹತ್ತಿರ ಒಂದು ಹಿಡಿ ಹಸಿ ಅಕ್ಕಿ ಕೇಳಿದೆ. ಅವನ ಕಣ್ಣಿನಲ್ಲಿ ಅನುಮಾನ ಕಾಣಿಸಿತು. ಕ್ಯಾಬಿನ್ನಿನಲ್ಲಿ ಅಡುಗೆ ಮಾಡುವುದು ನಿಷೇಧ ಎಂದು ಗೋಡೆಯ ಫಲಕ ತೋರಿಸಿದ. ಬೇಯಿಸುವುದಕ್ಕಲ್ಲ, ಕೊಡುವುದಕ್ಕೆ ಎಂದೆ. ಹಸಿ ಅಕ್ಕಿಯನ್ನು ಯಾರಿಗೆ ಯಾಕೆ ಕೊಡುತ್ತಾರೆ ಎಂಬುದು ಅವನಿಗೆ ಬಗೆಹರಿಯಲಿಲ್ಲ. ಆದರೂ ಟಿಶ್ಯೂ ಪೇಪರಿನಲ್ಲಿ ಕಟ್ಟಿಕೊಟ್ಟ. ಬಾಸ್ಮತಿ. ಭಟ್ಟರು ಚೀಲದಿಂದ ಅರಿಸಿನ ತೆಗೆದು, ನಾಲ್ಕು ಹನಿ ತುಪ್ಪ ಹಾಕಿ, ಕಾಫಿ ಕಪ್ಪಿನಲ್ಲಿ ಕಲಸಿದರು. ಹಡಗು ಹತ್ತಿದ ಮೇಲೆ ಅವರ ಕೈಗೆ ಸಿಕ್ಕ ಮೊದಲ ಕೆಲಸ ಅದು. ಮದುವೆ ಮನೆಯ ಹೋಳಿಗೆ ಕಣಕ ನಾದುವಷ್ಟು ಶ್ರದ್ಧೆಯಿಂದ ಮಾಡಿದರು. "ಇಷ್ಟು ಉದ್ದದ ಅಕ್ಷತೆ ನಾನು ನೋಡಿದ್ದಿಲ್ಲ" ಎಂದರು.

ಎರಡನೆಯದು ಕ್ರಮ. ನಮ್ಮ ಕ್ಯಾಬಿನ್ನಿಗೆ ಹತ್ತಿರದಲ್ಲಿದ್ದವರು ಅಡ್ಡಗದ್ದೆಯವರು. ಅವರನ್ನು ಮೊದಲು ಕರೆದು, ಮೇಲೆ ಹೋಗುತ್ತ ಉಳಿದವರನ್ನು ಕರೆದರೆ ಕಾಲಿಗೆ ಸುಖ. ಆದರೆ ಹಿರಿಯರನ್ನು ಬಿಟ್ಟು ಕಿರಿಯರ ಬಾಗಿಲು ಬಡಿದ ಸುದ್ದಿ ನನಗಿಂತ ಮುಂಚೆ ಒಂಬತ್ತನೇ ಅಂತಸ್ತು ತಲುಪುತ್ತದೆ. ವಯಸ್ಸಿನ ಕ್ರಮದಲ್ಲೇ ಹೋಗುವುದೆಂದಾಯಿತು. ಅದರ ಪ್ರಕಾರ ಮೊದಲು ಮುಂಭಾಗದ ಒಂಬತ್ತನೇ ಡೆಕ್ಕು, ಆಮೇಲೆ ಹಿಂಭಾಗದ ನಾಲ್ಕನೆಯದು, ಮತ್ತೆ ಎಂಟು, ಮತ್ತೆ ಕೆಳಗೆ. ಹಡಗು ಕಟ್ಟಿದವರು ನಮ್ಮವರ ಜಾತಕ ನೋಡಿ ಕಟ್ಟಿರಲಿಲ್ಲ.

ಪಂಚೆ ಉಟ್ಟು, ಶಲ್ಯ ಹೊದ್ದು, ಕಾಫಿ ಕಪ್ಪು ಹಿಡಿದು ಲಿಫ್ಟಿನಲ್ಲಿ ನಿಂತೆ. ಈಜು ಚಡ್ಡಿಯಲ್ಲಿದ್ದ ಇಬ್ಬರು ಯುವಕರು ಪಕ್ಕಕ್ಕೆ ಸರಿದು ಗೌರವದಿಂದ ಜಾಗ ಬಿಟ್ಟರು.

ಮೆಣಸೆಯ ರಾಯರು ಬಾಗಿಲು ತೆಗೆದು ನನ್ನ ವೇಷ ನೋಡಿದರು, ಒಳಗೆ ತಿರುಗಿ "ಬಾರೇ, ಹೇಳಿಕೆಗೆ ಬಂದಿದಾರೆ" ಎಂದರು. ಒಂದು ನಿಮಿಷದಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಬಂದರು. ಇಬ್ಬರೂ ಮಂಚದ ಅಂಚಿನಲ್ಲಿ ಕೂತರು. ನಾನು ಅಕ್ಷತೆ ಕೊಟ್ಟು, ಬರುವ ವರ್ಷ ಹಡಗಿನ ಯಾತ್ರೆ ಇಟ್ಟುಕೊಂಡಿದ್ದೇವೆ, ತಾವು ಹಿರಿಯರು ಮುಂದೆ ನಿಂತು ನಡೆಸಿಕೊಡಬೇಕು ಎಂದೆ.

ರಾಯರು ಅಕ್ಷತೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಹೆಂಡತಿಯ ಮುಖ ನೋಡಿದರು. ಅಮ್ಮ ನನ್ನ ಹಿಂದಿನ ಬಾಗಿಲು ನೋಡುತ್ತಿದ್ದರು.

"ಒಬ್ರೇ ಬಂದ್ರಾ?" ಎಂದರು.

"ಭಟ್ಟರು ಕೆಳಗಿದಾರೆ ಅಮ್ಮ."

"ಭಟ್ಟರಲ್ಲ ಮಾರಾಯ್ರೆ. ಹೆಂಗಸರನ್ನ ಯಾರು ಕರೀತಾರೆ? ನಿಮ್ಮ ಮನೆಯವರು ಎಲ್ಲಿ?"

ಕೊಪ್ಪದಲ್ಲಿ ಎಂದೆ. ಅದು ಅವರಿಗೂ ಗೊತ್ತಿತ್ತು. ಆದರೂ ಗಂಡಸು ಒಬ್ಬನೇ ಬಂದು ಗಂಡಸಿಗೆ ಕೊಟ್ಟ ಅಕ್ಷತೆಯಿಂದ ಹೇಳಿಕೆ ಅರ್ಧವೇ ಆಗುವುದು. ಮನೆಯೊಡತಿ ಕುಂಕುಮ ಕೊಟ್ಟು ಕರೆದಾಗ ಉಳಿದರ್ಧ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಜೇಬಿನಿಂದ ಫೋನ್ ತೆಗೆದೆ. ಹಡಗಿನ ವೈಫೈ ಬಾಲ್ಕನಿಯ ಹತ್ತಿರ ಸ್ವಲ್ಪ ಉಸಿರಾಡುತ್ತಿತ್ತು. ವಿಡಿಯೋ ಹಚ್ಚಿದೆ.

ಆಫೀಸಿನ ಕುರ್ಚಿಯಲ್ಲಿ ನನ್ನ ಹೆಂಡತಿ ಕಾಣಿಸಿದಳು. "ಎಂತಾಯ್ತು? ಯಾರಿಗೆ ಹುಷಾರಿಲ್ಲ?" ಎಂದಳು. ನನ್ನ ಕರೆ ಬಂದರೆ ಅವಳ ಮೊದಲ ಮಾತು ಯಾವತ್ತೂ ಅದೇ.

ಎರಡು ವಾಕ್ಯದಲ್ಲಿ ಹೇಳಿದೆ. ಅವಳು ಬೈಯಲಿಲ್ಲ, ನಗಲೂ ಇಲ್ಲ. "ಒಂದು ನಿಮಿಷ" ಎಂದು ಎದ್ದು, ಆಫೀಸಿನ ಹಿಂದೆಯೇ ಇರುವ ಮನೆಯೊಳಗೆ ಹೋದಳು. ಖಾಲಿ ಕುರ್ಚಿ ಮತ್ತು ಗೋಡೆಯ ಕ್ಯಾಲೆಂಡರನ್ನು ರಾಯರು, ಅಮ್ಮ, ನಾನು ಮೂವರೂ ನೋಡುತ್ತ ಕೂತೆವು. ತಿರುಗಿ ಬಂದಾಗ ಸೀರೆ ಬದಲಾಗಿತ್ತು, ಕೈಯಲ್ಲಿ ಕುಂಕುಮದ ಭರಣಿ ಇತ್ತು.

"ಅಮ್ಮ, ನಾನು ಬಂದು ಕರೀಬೇಕಿತ್ತು. ದೂರ ಇದ್ದೇನೆ, ತಪ್ಪು ತಿಳೀಬೇಡಿ. ನಿಮ್ಮ ಭರಣಿಯಿಂದಲೇ ನನ್ನ ಹೆಸರಲ್ಲಿ ಕುಂಕುಮ ಇಟ್ಕೊಳ್ಳಿ. ಬರುವ ವರ್ಷ ನೀವಿಬ್ಬರೂ ಬರಲೇಬೇಕು. ನೀವು ಬರದಿದ್ರೆ ಹಡಗು ಬಿಡೂದಿಲ್ಲ."

ಅಮ್ಮ ತಮ್ಮ ಚೀಲದಿಂದ ಭರಣಿ ತೆಗೆದು ಕುಂಕುಮ ಇಟ್ಟುಕೊಂಡರು. "ಬರ್ತೇವೆ" ಎಂದರು. ಮೂರು ದಿನದಿಂದ ನಾನು ಹುಡುಕುತ್ತಿದ್ದ ಮಾತು ಅಷ್ಟೇ ಸಲೀಸಾಗಿ ಹೊರಬಂತು. ಆಮೇಲೆ ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಬಾಲ್ಕನಿಗೆ ಹೋದರು. "ಇಲ್ಲಿ ನೋಡಿ, ಇದೇ ಸಮುದ್ರ. ಆಚೆ ದಡವೇ ಇಲ್ಲ." ಆ ಕಡೆ ನನ್ನ ಹೆಂಡತಿ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡ ಶಬ್ದ ಕೇಳಿತು.

ಉಳಿದ ಎಂಟು ಬಾಗಿಲುಗಳಿಗೆ ನಾವು ಇಬ್ಬರೂ ಹೋದೆವು; ನಾನು ಕಾಲಿನಲ್ಲಿ, ಅವಳು ಫೋನಿನಲ್ಲಿ. ಲಿಫ್ಟಿನೊಳಗೆ ಅವಳ ಮುಖ ಅರ್ಧಕ್ಕೆ ನಿಲ್ಲುತ್ತಿತ್ತು, ಹೊರಗೆ ಬಂದಾಗ ಮತ್ತೆ ಚಲಿಸುತ್ತಿತ್ತು. ನಾರ್ವೆಯವರ ಕ್ಯಾಬಿನ್ನಿನಲ್ಲಿ ಹೆಂಗಸರಿಬ್ಬರ ಒಗ್ಗರಣೆ ಮೆಣಸಿನ ಮಾತಿಗೇ ಕಾಲು ಗಂಟೆ ಹೋಯಿತು. ಅಡ್ಡಗದ್ದೆಯವರು ಕೊಯ್ಲಿನ ಮಾತನ್ನೇ ಎತ್ತಲಿಲ್ಲ. ಪ್ರತಿ ಬಾಗಿಲಲ್ಲೂ ಮೊದಲ ಪ್ರಶ್ನೆ ಒಂದೇ: "ಮೆಣಸೆಯವರಿಗೆ ಆಯ್ತಾ?" ಆಯಿತು ಎಂದರೆ ಮುಂದಿನದು ಸುಲಭ. ಒಂಬತ್ತೂ ದಂಪತಿಗಳು ಒಬ್ಬರ ಹಿಂದೆ ಒಬ್ಬರು ಐದನೇ ಅಂತಸ್ತಿಗೆ ಇಳಿದು ಕಾರ್ಡು ಕೊಟ್ಟು ಬಂದರು. ಸಂತೆಗೆ ಹೊರಟವರ ಹಾಗೆ ಮಾತಾಡುತ್ತ ಬಂದ ಈ ಸಾಲನ್ನು ಕಂಡು ಕಾರವಾರದ ಹುಡುಗಿ ನೀರು ಕುಡಿದಳಂತೆ.

ಉಳಿದದ್ದು ಟೀಚರ್. ಅವರ ಅಕ್ಕ ಹಡಗು ಹತ್ತಿದ ದಿನದಿಂದ ನಿಂಬೆಹಣ್ಣು ಮೂಸುತ್ತ ಮಲಗಿದ್ದವರು, ಇನ್ನು ಈ ಜನ್ಮದಲ್ಲಿ ಬಕೆಟ್ಟಿಗಿಂತ ದೊಡ್ಡ ನೀರನ್ನು ನೋಡುವುದಿಲ್ಲ ಎಂದು ಮಲಗಿದಲ್ಲಿಂದಲೇ ತಿಳಿಸಿದರು. ಟೀಚರಿಗೆ ಮದುವೆಯಾಗಿಲ್ಲ, ಬೇರೆ ಜೊತೆಯಿಲ್ಲ. ಒಬ್ಬರೇ ಇದ್ದರೂ ಕ್ಯಾಬಿನ್ನಿಗೆ ಇಬ್ಬರ ಬಾಬ್ತು ಕೊಡಬೇಕೆಂಬುದು ಹಡಗಿನ ನಿಯಮ.

ಅಕ್ಷತೆ ತೆಗೆದುಕೊಂಡರು, ಕುಂಕುಮ ಇಟ್ಟುಕೊಂಡರು. "ಕರೆದದ್ದಕ್ಕೆ ಸಂತೋಷ. ಆದ್ರೆ ಇಲ್ಲದ ಮನುಷ್ಯನಿಗೆ ನಾನೆಂತಕ್ಕೆ ಟಿಕೆಟ್ ತೆಗೀಲಿ?" ಎಂದರು. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಹಾಗೆ ಕೇಳಿದರು. ನಾನು ಗಡಿಯಾರ ನೋಡಿದೆ. ಮೇಜು ಮುಚ್ಚಲು ಅರ್ಧ ಗಂಟೆಯೂ ಇರಲಿಲ್ಲ. ಒಂಬತ್ತಕ್ಕೆ ನಿಂತರೆ ಹನ್ನೊಂದನೆಯದು ಇಲ್ಲ. ಆ ಹನ್ನೊಂದನೆಯದು ಯಾರಿಗೆ ಎಂದು ಫೋನಿನಲ್ಲಿದ್ದವಳಿಗೆ ನಾನಿನ್ನೂ ಹೇಳಿರಲಿಲ್ಲ. ಕೈಗೂಡಿದ ಮೇಲೆ ಹೇಳೋಣ ಎಂದಿಟ್ಟಿದ್ದೆ.

"ಟೀಚ್ರೇ," ಫೋನು ಮಾತಾಡಿತು. "ನಾನು ನಿಮ್ಮ ಜೊತೆ ಇರಬಹುದಾ?"

ಟೀಚರ್ ಫೋನನ್ನು ಕಣ್ಣಿನ ಹತ್ತಿರ ತಂದರು. "ನೀವು ಬರ್ತೀರಾ?"

"ನೀವು ಕರೆದ್ರೆ."

"ಗೊರಕೆ ಹೊಡೀತೀರಾ?"

"ಇಲ್ಲ."

"ಹಾಗಾದ್ರೆ ಬನ್ನಿ."

ನಾನು ನಡುವೆ ಬಾಯಿ ಹಾಕಿದೆ. ಹತ್ತಾದರೆ ಮ್ಯಾನೇಜರಿಗೆ ಒಂದು ಕ್ಯಾಬಿನ್ ಪುಕ್ಕಟೆ ಸಿಗುತ್ತದೆ, ಅದು ಇವಳಿಗೆಂದೇ ಇಷ್ಟೆಲ್ಲ ಓಡಾಡಿದ್ದು ಎಂದು ಟೀಚರ ಎದುರೇ ಹೇಳಬೇಕಾಯಿತು. ಮುಜುಗರದ ಮಾತು. ಟೀಚರ್ ಫೋನನ್ನು ನನ್ನ ಕೈಗೆ ಕೊಟ್ಟು ಸೌಜನ್ಯದಿಂದ ಕಿಟಕಿಯ ಕಡೆ ತಿರುಗಿದರು.

ನನ್ನ ಹೆಂಡತಿ ಕೈಯಲ್ಲಿದ್ದ ಕುಂಕುಮದ ಭರಣಿಯನ್ನು ಮೇಜಿನ ಮೇಲಿಟ್ಟಳು. "ನನಗಂತ ಇಷ್ಟು ಮೆಟ್ಟಿಲು ಹತ್ತಿದ್ರಾ?" ಎಂದಳು. ಲಿಫ್ಟ್ ಇತ್ತು ಎಂದೆ. "ಇರ್ಲಿ. ಆದ್ರೆ ಕೇಳಿ. ಮ್ಯಾನೇಜರ ಹೆಂಡ್ತಿಯಾಗಿ ಬಂದ್ರೆ ನಾನು ನಿಮ್ಮ ಜೊತೆ ಲಗೇಜ್ ಎಣಿಸ್ತಾ ಇರಬೇಕು. ಪ್ಯಾಸೆಂಜರಾಗಿ ಬಂದ್ರೆ ಕೂತು ನೋಡಬಹುದು. ನನ್ನ ಪಾಲಿಂದು ನಾನೇ ಕಟ್ತೇನೆ. ಟೀಚ್ರ ಕ್ಯಾಬಿನ್ ಬರೆಸಿ. ಹೊತ್ತಾಯ್ತು, ಓಡಿ."

ಓಡಿದೆ. ಕೈಯಲ್ಲಿ ಟೀಚರ ಕಾರ್ಡು. ಶಲ್ಯ ಲಿಫ್ಟಿನ ಬಾಗಿಲಿಗೆ ಸಿಕ್ಕಿತು, ಬಿಡಿಸಿಕೊಂಡು ಮತ್ತೆ ಓಡಿದೆ. ಕಾರವಾರದ ಹುಡುಗಿ ದೀಪ ಆರಿಸುವ ಮುಂಚೆ ಹತ್ತನೆಯ ಕ್ಯಾಬಿನ್ ಬರೆದುಕೊಂಡಳು: ಟೀಚರ್ ಮತ್ತು ನನ್ನ ಹೆಂಡತಿ. ಆಮೇಲೆ ಹನ್ನೊಂದನೆಯದು.

"ಇದರಲ್ಲಿ ನೀವು. ಮೇಡಂ ನಿಮ್ಮ ಜೊತೆ ಇರೂದಿಲ್ವಾ ಸರ್?"

"ಮೇಡಂ ಗಿರಾಕಿ," ಎಂದೆ. "ನನ್ನ ಜೊತೆ ಅಡುಗೆ ಭಟ್ಟರು ಅಂತ ಬರೀರಿ."

ಭಟ್ಟರು ಹಿಂದೆಯೇ ನಿಂತಿದ್ದರು. ಖಾಲಿ ಕಾಫಿ ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು, "ಒಳ್ಳೇದಾಯ್ತು. ಹೊಸಬರ ಜೊತೆ ನನಗೆ ನಿದ್ದೆ ಬರೂದಿಲ್ಲ" ಎಂದರು.

ಆ ಹೊತ್ತಿಗೆ ಕೊಪ್ಪದಿಂದ ಸಂದೇಶ ಬಂತು. ಹೊಸ ಗಿರಾಕಿಯ ಮೊದಲ ವಿಚಾರಣೆ: "ಟೀಚರ್ ಮತ್ತು ನಾನು ಮಾತಾಡಿಕೊಂಡೆವು. ನಮ್ಮ ಕ್ಯಾಬಿನ್ನಿಗೆ ಬಾಲ್ಕನಿ ಉಂಟಲ್ಲ?"

ಗಿರಾಕಿಗೆ ತಡಮಾಡದೆ ಉತ್ತರಿಸಬೇಕೆಂದು ನನಗೆ ಕಲಿಸಿದವಳೇ ಅವಳು. ಉಂಟು ಎಂದು ಬರೆದೆ. ಬರೆದು, ಇಲ್ಲದ ಬಾಲ್ಕನಿಯನ್ನು ಉಂಟು ಮಾಡಿಸಲು, ದೀಪ ಆರಿಸಲು ಎದ್ದಿದ್ದ ಹುಡುಗಿಯ ಮುಂದೆ ಮತ್ತೆ ಕುರ್ಚಿ ಎಳೆದು ಕೂತೆ.